ಮೂಗಿನಲ್ಲಿ ಬೆಳೆಯುವ ನರ ಬೆನ್ನಿನಲ್ಲೇಕೆ ಬೆಳೆಯದು?

ಮಲೆನಾಡಿನ ಕೊನೆಗೌಡನೊಬ್ಬ ಅಡಿಕೆ ಮರದಿಂದ ಜಾರಿ ಬೀಳುತ್ತಾನೆ. ಬೆನ್ನುಮೂಳೆ ಮುರಿದು, ಅದರೊಳಗಿನ ಬೆನ್ನುಹುರಿ ಜಜ್ಜಿಹೋಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತದೆ. ವೈದ್ಯರು ಸ್ಕ್ರೂ, ರಾಡ್ ಹಾಕಿ ಮೂಳೆಯನ್ನು ನಿಲ್ಲಿಸುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಚರ್ಮದ ಗಾಯ ಮಾಯುತ್ತದೆ. ಹರಿದ ನರತಂತುಗಳು ಮಾತ್ರ ಇದ್ದಲ್ಲೇ ನಿಲ್ಲುತ್ತವೆ. ಆದರೆ ಆತ ಹಾಸಿಗೆಯ ಮೇಲೆ ಮಲಗಿರುವ ಅದೇ ಹೊತ್ತಿನಲ್ಲಿ, ಅವನ ಮೂಗಿನ ಮೇಲ್ಚಾವಣಿಯಲ್ಲಿ ಹಳೆಯ ನರಕೋಶಗಳು ಸತ್ತು ಹೊಸವು ಹುಟ್ಟುತ್ತಿರುತ್ತವೆ. ಹುಟ್ಟಿದ ಕೋಶ ತನ್ನ ತಂತುವನ್ನು ಚಾಚುತ್ತದೆ, ತಲೆಬುರುಡೆಯ ಸಣ್ಣ ತೂತಿನೊಳಗೆ ತೂರಿಸುತ್ತದೆ, ಮಿದುಳಿಗೆ ಹೋಗಿ ಮುಟ್ಟಿಸುತ್ತದೆ. ಒಂದೇ ದೇಹದಲ್ಲಿ ಒಂದು ಕಡೆ ನರ ಬೆಳೆಯುತ್ತಿದೆ, ಇನ್ನೊಂದು ಕಡೆ ಬೆಳೆಯದೆ ಕುಳಿತಿದೆ.

ಈ ವ್ಯತ್ಯಾಸ ನರಕೋಶಗಳ ಸ್ವಭಾವದಲ್ಲೇ ಇದೆ ಎಂದು ಯಾರಿಗಾದರೂ ಮೊದಲು ಅನಿಸುತ್ತದೆ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕಳೆದ ನಾಲ್ಕು ದಶಕಗಳ ಸಂಶೋಧನೆ ಬೊಟ್ಟು ಮಾಡುತ್ತಿರುವುದು ಬೇರೊಂದು ಕಡೆಗೆ. ನರಕ್ಕೆ ಬೆಳೆಯುವ ಶಕ್ತಿ ಇದ್ದರೆ ಸಾಲದು, ಬೆಳೆಯಲು ದಾರಿ ಬೇಕು. ಆ ದಾರಿಯನ್ನು ಹಾಕಿಕೊಡುವವು ನರಕೋಶಗಳ ಜೊತೆಗಿರುವ ಗ್ಲಿಯಾ ಎಂಬ ಕೋಶಗಳು. ಮೂಗಿನ ಗ್ಲಿಯಾ ಕೋಶಗಳನ್ನು ಬೆನ್ನುಹುರಿಗೆ ಕಸಿ ಮಾಡುವ ಹೊಸ ಮಾನವ ಪ್ರಯೋಗವೊಂದನ್ನು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯ 2025ರಲ್ಲಿ ಪ್ರಕಟಿಸಿದ ಮೇಲೆ ಈ ವಿಷಯ ಮತ್ತೆ ಸುದ್ದಿಯಲ್ಲಿದೆ. ಸುದ್ದಿ ತಲುಪುವ ಮೊದಲೇ ಆಸೆ ತಲುಪುತ್ತದೆ. ಆಸೆಯ ಬೆನ್ನಿಗೇ ಅದನ್ನು ಮಾರುವವರೂ ಬರುತ್ತಾರೆ. ಹಾಗಾಗಿ ಈ ಕೋಶಗಳು ನಿಜವಾಗಿ ಮಾಡುವುದೇನು, ಮಾಡಲಾರದ್ದೇನು ಎಂಬುದನ್ನು ನಿಧಾನವಾಗಿ ನೋಡಬೇಕಾಗಿದೆ.

ಗ್ಲಿಯಾ ಎಂಬ ಗ್ರೀಕ್ ಪದಕ್ಕೆ ಅಂಟು ಎಂದರ್ಥ. 19ನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ಈ ಹೆಸರಿಟ್ಟಾಗ, ನರಕೋಶಗಳನ್ನು ಹಿಡಿದಿಡುವ ಗಾರೆಯಂಥದ್ದು ಎಂಬುದಷ್ಟೇ ತಿಳಿವಳಿಕೆಯಾಗಿತ್ತು. ಆ ಹೆಸರು ಆ ಕೋಶಗಳಿಗೆ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ. ನರಕೋಶ ಸಂದೇಶ ಕಳಿಸುತ್ತದೆ, ಗ್ಲಿಯಾ ಸುಮ್ಮನೆ ಕುಳಿತಿರುತ್ತದೆ ಎಂಬ ತಿಳಿವು ನೂರು ವರ್ಷ ಉಳಿದುಕೊಂಡಿತು. ಇಂದು ಗ್ಲಿಯಾದಲ್ಲಿ ಹಲವು ಬಗೆಗಳನ್ನು ಗುರುತಿಸಿದ್ದಾರೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳಿವೆ. ಕೈಕಾಲಿನ ನರಗಳಲ್ಲಿ ಶ್ವಾನ್ ಕೋಶಗಳಿವೆ. ಮೂಗಿನಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಇರುವುದು ಈ ಎರಡೂ ಅಲ್ಲದ ಮೂರನೆಯ ಜಾತಿ. ಇವು ನರತಂತುಗಳನ್ನು ಹೊದ್ದಿಸಿಕೊಂಡಿರುವುದರಿಂದ ಘ್ರಾಣ ಹೊದಿಕೆ ಕೋಶಗಳು ಎನ್ನೋಣ. ಇವು ಮೂಗಿನ ಅಂಗಾಂಶದಿಂದಲೇ ಹುಟ್ಟುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಶ್ವಾನ್ ಕೋಶಗಳು ಹುಟ್ಟುವ ನರಶಿಖೆ ಎಂಬ ಭ್ರೂಣಭಾಗದಿಂದಲೇ ಇವೂ ಬರುತ್ತವೆ ಎಂದು ಕೇಂಬ್ರಿಜ್‌ನ ಕ್ಲೇರ್ ಬೇಕರ್ ಅವರ ತಂಡ 2010ರಲ್ಲಿ ತೋರಿಸಿತು. ಅಂದರೆ ಇವು ಶ್ವಾನ್ ಕೋಶಗಳ ದಾಯಾದಿಗಳು. ಬೆಳೆದದ್ದು ಬೇರೆ ಮನೆಯಲ್ಲಿ, ಕಲಿತದ್ದು ಬೇರೆ ಕಸುಬು.

ಆ ಕಸುಬು ಏನೆಂದು ತಿಳಿಯಲು ಮೂಗಿನೊಳಗೆ ಹೋಗಬೇಕು. ವಾಸನೆ ಹಿಡಿಯುವ ನರಕೋಶ ಹೊರಗಾಳಿಗೆ ನೇರವಾಗಿ ತೆರೆದುಕೊಂಡಿರುತ್ತದೆ. ಧೂಳು, ಹೊಗೆ, ವೈರಸ್ ಎಲ್ಲವೂ ಮೊದಲು ಅದಕ್ಕೇ ಬಡಿಯುತ್ತವೆ. ಹೀಗಾಗಿ ಅದಕ್ಕೆ ದೀರ್ಘಾಯುಷ್ಯವಿಲ್ಲ. ಇಲಿ, ಹೆಗ್ಗಣಗಳಲ್ಲಿ ಅದರ ಬಾಳು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳುಗಳಷ್ಟೇ. ಸತ್ತ ಕೋಶದ ಜಾಗವನ್ನು ತಳದಲ್ಲಿರುವ ಆಕರಕೋಶಗಳಿಂದ (ಸ್ಟೆಮ್ ಸೆಲ್) ಹುಟ್ಟಿದ ಹೊಸ ಕೋಶ ತುಂಬುತ್ತದೆ. ವಯಸ್ಕ ಪ್ರಾಣಿಗಳಲ್ಲೂ ಇದು ನಡೆಯುತ್ತದೆ ಎಂದು 1970ರ ದಶಕದಲ್ಲಿ ಗ್ರಾಜಿಯಾಡೆ ಎಂಬ ವಿಜ್ಞಾನಿ ಸ್ಪಷ್ಟವಾಗಿ ತೋರಿಸಿದರು. ನಡುವಯಸ್ಸಿನ ಮನುಷ್ಯರ ಮೂಗಿನಲ್ಲೂ ಎಳೆಯ ನರಕೋಶಗಳು ಹೇರಳವಾಗಿವೆ ಎಂಬುದು 2020ರಲ್ಲಿ ಖಚಿತವಾಯಿತು.

ಹೊಸ ಕೋಶ ಚಾಚುವ ತಂತು ದೇಹದ ಅತ್ಯಂತ ತೆಳ್ಳನೆಯ ನರತಂತುಗಳಲ್ಲೊಂದು. ಅದರ ದಪ್ಪ ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲು. ಅದು ಹೋಗಬೇಕಾದದ್ದು ಮೂಗು ಮತ್ತು ಮಿದುಳಿನ ನಡುವೆ ಜರಡಿಯಂತೆ ತೂತುಬಿದ್ದಿರುವ ಮೂಳೆಯನ್ನು ದಾಟಿ, ಮಿದುಳಿನ ಅಡಿಯಲ್ಲಿರುವ ಘ್ರಾಣಗೆಡ್ಡೆ ಎಂಬ ಭಾಗಕ್ಕೆ. ಮನುಷ್ಯರಲ್ಲಿ ವಾಸನೆಯನ್ನು ಗುರುತಿಸುವ ಗ್ರಾಹಕಗಳು ಸುಮಾರು 400 ಬಗೆ, ಒಂದು ನರಕೋಶಕ್ಕೆ ಒಂದೇ ಬಗೆಯ ಗ್ರಾಹಕ. ಒಂದೇ ಬಗೆಯವೆಲ್ಲ ಗೆಡ್ಡೆಯಲ್ಲಿ ತಮಗೆ ಗೊತ್ತಾದ ಜಾಗಕ್ಕೇ ಹೋಗಿ ಸೇರಬೇಕು. ಮಲ್ಲಿಗೆಯ ಕಂಪನ್ನು ಹಿಡಿದ ಕೋಶ ಸತ್ತು ಹೊಸದು ಬಂದ ಮೇಲೂ ಮಲ್ಲಿಗೆ ಮಲ್ಲಿಗೆಯಾಗಿಯೇ ಉಳಿಯುವುದು ಈ ಕಾರಣದಿಂದ.

ಇಲ್ಲಿ ಹೊದಿಕೆ ಕೋಶಗಳ ಕೆಲಸ ಕಾಣುತ್ತದೆ. ಕೈಕಾಲಿನ ನರಗಳ ದಪ್ಪ ತಂತುಗಳಲ್ಲಿ ಒಂದು ಶ್ವಾನ್ ಕೋಶ ಒಂದು ತಂತುವಿಗೆ ಮಾತ್ರ ಸುತ್ತಿಕೊಳ್ಳುತ್ತದೆ. ಹೊದಿಕೆ ಕೋಶವಾದರೋ ತನ್ನ ತೆಳುವಾದ ಚಾಚುಗಳಿಂದ ತಂತುಗಳ ದೊಡ್ಡ ಕಟ್ಟನ್ನೇ ಸುತ್ತುವರಿಯುತ್ತದೆ. ಇಂಥ ಕೋಶಗಳು ಒಂದರ ಮುಂದೊಂದು ಸೇರಿ ಮೂಗಿನಿಂದ ಮಿದುಳಿನವರೆಗೆ ಕೊಳವೆಯಂಥ ದಾರಿ ಮಾಡಿರುತ್ತವೆ. ಒಳಗಿನ ತಂತು ಸತ್ತರೂ ಕೊಳವೆ ಕುಸಿಯುವುದಿಲ್ಲ. ಬೇಸಿಗೆಯಲ್ಲಿ ನೀರು ಬತ್ತಿದರೂ ತೋಟದ ಕಾಲುವೆ ಉಳಿದಿರುತ್ತದೆ, ಮಳೆ ಬಂದಾಗ ನೀರು ಅದೇ ಕಾಲುವೆಯನ್ನು ಹಿಡಿಯುತ್ತದೆ; ಹೊಸ ತಂತುವೂ ಹಾಗೆಯೇ ಹಳೆಯ ಜಾಡನ್ನು ಹಿಡಿಯುತ್ತದೆ. ಕಾಲುವೆಯಲ್ಲಿ ಕಸ ಕಟ್ಟಿಕೊಳ್ಳದಂತೆ ನೋಡುವವೂ ಇವೇ. ಸತ್ತ ತಂತುಗಳ ಚೂರುಗಳನ್ನು ಹೊದಿಕೆ ಕೋಶಗಳು ನುಂಗಿ ಅರಗಿಸುತ್ತವೆ. ಜೊತೆಗೆ ನರವನ್ನು ಪೋಷಿಸುವ ಪ್ರೋಟೀನುಗಳನ್ನು ಸ್ರವಿಸುತ್ತವೆ, ಬೆಳೆಯುವ ತುದಿಗೆ ಹಿಡಿತ ಸಿಗುವಂತೆ ಲ್ಯಾಮಿನಿನ್‌ನಂಥ ವಸ್ತುಗಳನ್ನು ದಾರಿಯಲ್ಲಿ ಹಾಸುತ್ತವೆ. ಭ್ರೂಣದಲ್ಲಿ ಮೊದಲ ಬಾರಿ ಈ ದಾರಿ ಬೀಳುವಾಗ ಹೊದಿಕೆ ಕೋಶಗಳು ತಂತುಗಳಿಗಿಂತ ಮುಂದೆ ಚಲಿಸುತ್ತವೆ, ತಂತುಗಳು ಅವುಗಳ ಹಿಂದೆ ಬರುತ್ತವೆ.

ಇಷ್ಟೇ ಆಗಿದ್ದರೆ ಅವನ್ನು ಒಳ್ಳೆಯ ಶ್ವಾನ್ ಕೋಶಗಳೆಂದು ಕರೆದು ಸುಮ್ಮನಾಗಬಹುದಿತ್ತು. ಅವುಗಳ ನಿಜವಾದ ಹೆಚ್ಚುಗಾರಿಕೆ ಗಡಿಯಲ್ಲಿದೆ. ಮಿದುಳು ಮತ್ತು ಬೆನ್ನುಹುರಿ ಒಂದು ರಾಜ್ಯವಾದರೆ ಹೊರಗಿನ ನರಗಳು ಇನ್ನೊಂದು. ಎರಡರ ನಡುವೆ ಆಸ್ಟ್ರೋಸೈಟ್‌ಗಳು ಗೋಡೆ ಕಟ್ಟಿಕೊಂಡಿರುತ್ತವೆ. ಕೈಯಿಂದ ಬರುವ ನರದ ಬೇರು ಬೆನ್ನುಹುರಿಯ ಅಂಚಿನಲ್ಲಿ ಹರಿದರೆ, ಅದರ ತಂತು ಶ್ವಾನ್ ಕೋಶದ ಜೊತೆ ಬೆಳೆಯುತ್ತ ಬಂದು ಈ ಗೋಡೆಗೆ ಬಡಿದು ನಿಲ್ಲುತ್ತದೆ. ಶ್ವಾನ್ ಕೋಶವನ್ನು ಆಸ್ಟ್ರೋಸೈಟ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ಬೆಳೆಸಿದರೂ ಅವು ಬೇರೆ ಬೇರೆ ಗುಂಪಾಗಿ ಗೆರೆ ಎಳೆದುಕೊಳ್ಳುತ್ತವೆ. ಹೊದಿಕೆ ಕೋಶಗಳು ಮಾತ್ರ ಆಸ್ಟ್ರೋಸೈಟ್‌ಗಳ ನಡುವೆ ಬೆರೆತುಹೋಗುತ್ತವೆ. ಘ್ರಾಣಗೆಡ್ಡೆಯ ಹೊರಪದರದಲ್ಲಿ ಎರಡೂ ಕೂಡಿಯೇ ಗಡಿಯನ್ನು ಕಟ್ಟಿರುತ್ತವೆ, ಆ ಗಡಿಯಲ್ಲಿ ತಂತು ಒಳಹೋಗಲು ಜಾಗ ಬಿಟ್ಟಿರುತ್ತವೆ. ಲಂಡನ್ನಿನ ನರವಿಜ್ಞಾನಿ ಜೆಫ್ರಿ ರೈಸ್‌ಮನ್ 1985ರಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಈ ವಿಶೇಷ ರಚನೆಯನ್ನು ವಿವರಿಸಿದರು. ಮುಂದಿನ ಮೂವತ್ತು ವರ್ಷ ಅವರು ಬೆನ್ನುಹತ್ತಿದ್ದು ಇದೊಂದನ್ನೇ. ಮೂಗಿನ ಗಡಿ ತೆರೆಯಬಲ್ಲ ಕೋಶ ಬೆನ್ನುಹುರಿಯ ಗಡಿಯನ್ನೂ ತೆರೆಯಬಾರದೇಕೆ?

ಕೋವಿಡ್ ಕಾಲದಲ್ಲಿ ಒಗ್ಗರಣೆಯ ಘಾಟು ಮೂಗಿಗೆ ಬಡಿಯದೆ ಕಂಗಾಲಾದವರಿಗೆಲ್ಲ ಈ ಸುತ್ತಲಿನ ಕೋಶಗಳ ಮಹತ್ವ ತಿಳಿಯದೆಯೇ ಅನುಭವಕ್ಕೆ ಬಂದಿದೆ. ವೈರಸ್ ಒಳನುಗ್ಗಲು ಬಳಸುವ ಪ್ರೋಟೀನು ವಾಸನೆಯ ನರಕೋಶಗಳಲ್ಲಿ ಇಲ್ಲ, ಅವುಗಳ ಮಗ್ಗುಲಲ್ಲಿ ನಿಂತಿರುವ ಆಧಾರ ಕೋಶಗಳಲ್ಲಿದೆ ಎಂದು ಹಾರ್ವರ್ಡ್‌ನ ಸಂದೀಪ್ ರಾಬರ್ಟ್ ದತ್ತಾ ಅವರ ತಂಡ 2020ರಲ್ಲಿ ತೋರಿಸಿತು. ಆಧಾರ ಕೋಶಗಳು ಸತ್ತವು, ನರಕೋಶಗಳು ಕೆಲಸ ನಿಲ್ಲಿಸಿದವು. ಆಧಾರ ಮರಳಿದಾಗ ಹೆಚ್ಚಿನವರಿಗೆ ವಾಸನೆಯೂ ಮರಳಿತು. ಆ ಆಧಾರ ಕೋಶಗಳು ಕಟ್ಟುನಿಟ್ಟಾದ ಅರ್ಥದಲ್ಲಿ ಗ್ಲಿಯಾ ಅಲ್ಲ, ಆದರೂ ಮಾಡುವುದು ಗ್ಲಿಯಾದಂಥ ಕೆಲಸವನ್ನೇ.

ಮಿದುಳಿನೊಳಕ್ಕೆ ತೆರೆದ ದಾರಿಗೆ ಅಪಾಯವೂ ಇದೆ. ಉಡುಪಿ, ಮಂಗಳೂರು ಕಡೆ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಮೆಲಿಯೋಯ್ಡೋಸಿಸ್ ರೋಗದ ಬ್ಯಾಕ್ಟೀರಿಯಾ ಮೂಗಿನ ನರಗಳ ಜಾಡು ಹಿಡಿದು ಮಿದುಳು ತಲುಪಬಲ್ಲದು ಎಂದು ಇಲಿಗಳ ಮೇಲಿನ ಅಧ್ಯಯನ ತೋರಿಸಿದೆ. ಹೊದಿಕೆ ಕೋಶಗಳು ಅನೇಕ ಬ್ಯಾಕ್ಟೀರಿಯಾಗಳನ್ನು ನುಂಗಿ ಈ ದಾರಿಯನ್ನು ಕಾಯುತ್ತವೆ. ಎಲ್ಲವನ್ನೂ ತಡೆಯಲು ಅವುಗಳಿಂದಾಗುವುದಿಲ್ಲ.

ಬೆಂಗಳೂರಿಗೂ ಈ ಕಥೆಯಲ್ಲೊಂದು ಪಾಲಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಇಲ್ಲಿ ಕಟ್ಟಿದ ಒಬೈದ್ ಸಿದ್ದಿಕಿ ಮತ್ತು ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸ್, ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣದ ಘ್ರಾಣವನ್ನು ದಶಕಗಳ ಕಾಲ ಅಭ್ಯಸಿಸಿದವರು. ನೊಣದ ಮೀಸೆಯಲ್ಲಿ ಬೇರೆ ಬೇರೆ ಬಗೆಯ ಗ್ಲಿಯಾ ಕೋಶಗಳಿವೆ, ವಾಸನೆಯ ನರಜಾಲ ರೂಪುಗೊಳ್ಳುವಲ್ಲಿ ಗ್ಲಿಯಾಕ್ಕೂ ಕೈಯಿದೆ ಎಂದು ರೋಡ್ರಿಗಸ್ ಅವರ ತಂಡ 2000ದ ನಂತರದ ವರ್ಷಗಳಲ್ಲಿ ತೋರಿಸಿತು. ಸಾಸಿವೆಯಷ್ಟು ತಲೆಯ ಜೀವಿಯಲ್ಲೂ ವಾಸನೆಯ ನರಕ್ಕೆ ಜೊತೆಗಾರ ಕೋಶ ಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಬೆನ್ನುಹುರಿಯ ವಿಷಯಕ್ಕೆ ಬರೋಣ. ಅಲ್ಲಿ ಪೆಟ್ಟಾದಾಗ ತಂತುಗಳು ಹರಿಯುವುದು ಮೊದಲ ಅನಾಹುತವಷ್ಟೇ. ಅನಂತರ ರಕ್ತಸ್ರಾವ, ಊತ, ಉರಿಯೂತಗಳಿಂದ ಸುತ್ತಲಿನ ಕೋಶಗಳೂ ಸಾಯುತ್ತವೆ, ಎಷ್ಟೋ ವೇಳೆ ನಡುವೆ ದ್ರವ ತುಂಬಿದ ಪೊಳ್ಳು ಉಳಿಯುತ್ತದೆ. ಅದರ ಸುತ್ತ ಆಸ್ಟ್ರೋಸೈಟ್‌ಗಳು ಒತ್ತೊತ್ತಾಗಿ ಸೇರಿ ಗಾಯದ ಕಲೆ ಕಟ್ಟುತ್ತವೆ. ಈ ಕಲೆಯೂ ನರತಂತುಗಳನ್ನು ಸುತ್ತಿರುವ, ಈಗ ಒಡೆದ ಮಯಲಿನ್ ಎಂಬ ಕವಚದ ಚೂರುಗಳೂ ಬೆಳವಣಿಗೆಯನ್ನು ತಡೆಯುವ ಅಣುಗಳನ್ನು ಹೊತ್ತಿರುತ್ತವೆ. (ಕಲೆಯನ್ನು ಬರೀ ಶತ್ರುವೆಂದು ನೋಡುವುದೂ ತಪ್ಪು, ಅದು ಉರಿಯೂತ ಹರಡದಂತೆ ತಡೆಯುತ್ತದೆ, ಕೆಲವು ಸಂದರ್ಭಗಳಲ್ಲಿ ತಂತುಗಳಿಗೆ ನೆರವೂ ಆಗುತ್ತದೆ ಎಂದು 2016ರ ಒಂದು ಮುಖ್ಯ ಅಧ್ಯಯನ ತೋರಿಸಿದೆ.) ಇಂಥ ನೆಲದಲ್ಲಿ ಬೆಳೆಯದ ನರಕ್ಕೆ ಬೇರೆ ನೆಲ ಕೊಟ್ಟರೆ? ಕೆನಡಾದ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ 1981ರಲ್ಲಿ ಹೆಗ್ಗಣದ ಕಾಲಿನ ನರದ ತುಂಡೊಂದನ್ನು ಮಿದುಳಿನ ಬುಡದಿಂದ ಬೆನ್ನುಹುರಿಯವರೆಗೆ ಸೇತುವೆಯಾಗಿ ಹೊಲಿದರು. ಬೆಳೆಯುವುದೇ ಇಲ್ಲವೆಂದು ತಿಳಿದಿದ್ದ ಕೇಂದ್ರ ನರಕೋಶಗಳ ತಂತುಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಸೇತುವೆ ಮುಗಿದು ಮತ್ತೆ ಬೆನ್ನುಹುರಿಯೊಳಗೆ ಇಳಿಯಬೇಕಾದ ಕಡೆ ನಿಂತುಬಿಟ್ಟವು. ದಾರಿ ಸಿಕ್ಕಿತು, ಇಳಿಯುವ ಮೆಟ್ಟಿಲು ಸಿಗಲಿಲ್ಲ.

ಆ ಮೆಟ್ಟಿಲಾಗಿ ಹೊದಿಕೆ ಕೋಶಗಳನ್ನು ಬಳಸುವ ಯತ್ನ 1990ರ ದಶಕದಲ್ಲಿ ಶುರುವಾಯಿತು. ಸ್ಪೇನಿನ ಅಲ್ಮುದೇನಾ ರಾಮೋನ್ ಕುಯೆತೊ 1994ರಲ್ಲಿ ಈ ಕೋಶಗಳ ನೆರವಿನಿಂದ ನರದ ಬೇರು ಬೆನ್ನುಹುರಿಯ ಒಳಹೊಕ್ಕಿದ್ದನ್ನು ವರದಿ ಮಾಡಿದರು. 1997ರಲ್ಲಿ ಯಿಂಗ್ ಲಿ, ಪಾಲೀನ್ ಫೀಲ್ಡ್ ಮತ್ತು ರೈಸ್‌ಮನ್, ಮಿದುಳಿನಿಂದ ಮುಂಗಾಲಿಗೆ ಆಜ್ಞೆ ಒಯ್ಯುವ ತಂತುಗಳನ್ನು ಹೆಗ್ಗಣಗಳಲ್ಲಿ ಕಡಿದು, ಆ ಜಾಗಕ್ಕೆ ಹೊದಿಕೆ ಕೋಶಗಳನ್ನು ಸೇರಿಸಿದರು. ಕಾಲು ಚಾಚಿ ಆಹಾರ ತೆಗೆಯುವುದನ್ನು ಮರೆತಿದ್ದ ಹೆಗ್ಗಣಗಳು ಮತ್ತೆ ತೆಗೆದುಕೊಂಡವು. ಉತ್ಸಾಹ ಉಕ್ಕಿತು. ಆಮೇಲೆ ಬಂದ ಫಲಿತಾಂಶಗಳು ಒಂದೇ ರೀತಿ ಇರಲಿಲ್ಲ. ಕೆಲವು ಪ್ರಯೋಗಾಲಯಗಳಲ್ಲಿ ಲಾಭ ಕಂಡಿತು, ಕೆಲವದರಲ್ಲಿ ಶ್ವಾನ್ ಕೋಶಗಳೇ ವಾಸಿ ಎನಿಸಿತು. ಮೂಗಿನ ಅಂಗಾಂಶದ ಕಸಿಯ ಬಗ್ಗೆ ಮೊದಲು ಬಂದಿದ್ದ ಒಂದು ಭರವಸೆಯ ವರದಿಯನ್ನು ಕ್ಯಾಲಿಫೋರ್ನಿಯಾದ ಆಸ್ವಾಲ್ಡ್ ಸ್ಟೀವರ್ಡ್ ಅವರ ತಂಡ ಮರುಪರೀಕ್ಷಿಸಿ, 2006ರಲ್ಲಿ ಆ ಫಲ ತಮಗೆ ಸಿಗಲಿಲ್ಲವೆಂದು ಪ್ರಕಟಿಸಿತು. ಈ ಗೊಂದಲಕ್ಕೆ ಒಂದು ದೊಡ್ಡ ಕಾರಣ ಕೋಶಗಳ ಶುದ್ಧತೆ. ಮೂಗಿನಿಂದ ತೆಗೆದ ಚೂರಿನಲ್ಲಿ ಹೊದಿಕೆ ಕೋಶ ಮಾತ್ರ ಇರುವುದಿಲ್ಲ. ನಾರುಕೋಶ, ಶ್ವಾನ್ ಕೋಶ, ಲೋಳೆಗ್ರಂಥಿ ಎಲ್ಲವೂ ಇರುತ್ತವೆ. ಮೂಗಿನಿಂದ ತೆಗೆದವಕ್ಕೂ ಘ್ರಾಣಗೆಡ್ಡೆಯಿಂದ ತೆಗೆದವಕ್ಕೂ ಗುಣದಲ್ಲಿ ವ್ಯತ್ಯಾಸವಿದೆ.

ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಪ್ರಾಮಾಣಿಕ ಉತ್ತರ ಕೊಟ್ಟದ್ದು ನಾಯಿಗಳ ಮೇಲಿನ ಅಧ್ಯಯನ. ಕೇಂಬ್ರಿಜ್‌ನ ನಿಕೊಲಸ್ ಜೆಫ್ರಿ ಮತ್ತು ರಾಬಿನ್ ಫ್ರ್ಯಾಂಕ್ಲಿನ್ ಅವರ ತಂಡ 2012ರಲ್ಲಿ ಅದನ್ನು ಪ್ರಕಟಿಸಿತು. ಪ್ರಯೋಗಾಲಯದಲ್ಲಿ ಬೇಕೆಂದೇ ಗಾಯ ಮಾಡಿದ ಪ್ರಾಣಿಗಳಲ್ಲ ಅವು. ಅಪಘಾತದಿಂದಲೋ ಬೆನ್ನಿನ ಡಿಸ್ಕ್ ಜಾರಿಯೋ ಹಿಂಗಾಲು ಕಳೆದುಕೊಂಡಿದ್ದ 34 ಸಾಕುನಾಯಿಗಳು. ಮನುಷ್ಯರಲ್ಲಿ ಆಗುವ ಪೆಟ್ಟಿಗೆ ಇದು ಹೆಚ್ಚು ಹತ್ತಿರ. 23 ನಾಯಿಗಳಿಗೆ ಅವುಗಳದೇ ಮೂಗಿನ ಕೋಶಗಳನ್ನು ಬೆಳೆಸಿ ಚುಚ್ಚಲಾಯಿತು, 11ಕ್ಕೆ ಕೋಶಗಳಿಲ್ಲದ ದ್ರವ ಮಾತ್ರ. ಯಾವ ನಾಯಿಗೆ ಏನು ಸಿಕ್ಕಿದೆಯೆಂದು ಅಳತೆ ಮಾಡುವವರಿಗೆ ತಿಳಿದಿರಲಿಲ್ಲ. ಕೋಶ ಪಡೆದ ನಾಯಿಗಳಲ್ಲಿ ಮುಂಗಾಲು ಹಿಂಗಾಲುಗಳ ಹೆಜ್ಜೆ ಹೊಂದಾಣಿಕೆ ಸ್ಪಷ್ಟವಾಗಿ ಸುಧಾರಿಸಿತು. ಆದರೆ ಮಿದುಳಿನಿಂದ ಹಿಂಗಾಲಿನವರೆಗಿನ ಉದ್ದದ ದಾರಿ ಮರಳಿ ತೆರೆದ ಕುರುಹು ಸಿಗಲಿಲ್ಲ. ಬೆನ್ನುಹುರಿಯ ಒಳಗೇ ಗಾಯದ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಅಲ್ಪದೂರದ ಸಂಪರ್ಕಗಳು ಬೆಳೆದಿರಬೇಕು. ಅಂದರೆ ಕೋಶಗಳು ಕೆಲಸ ಮಾಡುತ್ತವೆ; ನಾವು ಬಯಸುವ ಕೆಲಸವನ್ನು ಪೂರ್ತಿಯಾಗಿ ಮಾಡುವುದಿಲ್ಲ.

ಮನುಷ್ಯರಲ್ಲಿ ಆದದ್ದು ಇನ್ನಷ್ಟು ಮಿಶ್ರ ಕಥೆ. ಬ್ರಿಸ್ಬೇನಿನಲ್ಲಿ ಅಲನ್ ಮೆಕೆ ಸಿಮ್ ಅವರ ತಂಡ ಮೂವರಿಗೆ ಅವರದೇ ಮೂಗಿನ ಕೋಶಗಳನ್ನು ಕಸಿ ಮಾಡಿ ಮೂರು ವರ್ಷ ಗಮನಿಸಿ, ಹಾನಿಯಾಗಲಿಲ್ಲ ಎಂದು 2008ರಲ್ಲಿ ವರದಿ ಮಾಡಿತು. ಚಲನೆ ಮರಳಿತೆಂದು ಅವರು ಹೇಳಲಿಲ್ಲ. ದಿಲ್ಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್‌ನಲ್ಲಿ ಐವರಿಗೆ ಮೂಗಿನ ಲೋಳೆಪೊರೆಯನ್ನೇ ಕಸಿ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಿಂದ ಬಂದದ್ದೆನ್ನಬಹುದಾದ ಲಾಭ ಅಲ್ಲೂ ಕಾಣಲಿಲ್ಲ. ಬೀಜಿಂಗಿನಲ್ಲಿ ಭ್ರೂಣದ ಕೋಶಗಳನ್ನು ನೂರಾರು ರೋಗಿಗಳಿಗೆ ಚುಚ್ಚಲಾಗಿತ್ತು. ಅವರಲ್ಲಿ ಏಳು ಜನರನ್ನು ಹೊರಗಿನ ವೈದ್ಯರು ಸ್ವತಂತ್ರವಾಗಿ ಪರೀಕ್ಷಿಸಿ, ಉಪಯುಕ್ತ ಸುಧಾರಣೆ ಕಾಣಲಿಲ್ಲ, ಮೆದುಳುಪೊರೆಯ ಉರಿಯೂತದಂಥ ತೊಡಕುಗಳಾದವು ಎಂದು 2006ರಲ್ಲಿ ಬರೆದರು. ಲಿಸ್ಬನ್ನಿನಲ್ಲಿ ಲೋಳೆಪೊರೆಯ ಕಸಿ ಮಾಡಿಸಿಕೊಂಡಿದ್ದ ಯುವತಿಯೊಬ್ಬಳಿಗೆ ಎಂಟು ವರ್ಷಗಳ ಮೇಲೆ ಬೆನ್ನುನೋವು ಶುರುವಾಯಿತು. ಬೆನ್ನುಹುರಿಯಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದಾಗ ಅದರಲ್ಲಿ ಮೂಗಿನ ಅಂಗಾಂಶವೂ ಲೋಳೆಯಂಥ ದ್ರವವೂ ಇದ್ದವು. ಮೂಗು ತನಗೆ ಗೊತ್ತಿದ್ದ ಕೆಲಸವನ್ನೇ ಬೆನ್ನಿನೊಳಗೆ ಕುಳಿತು ಮಾಡಿತ್ತು. 2014ರಲ್ಲಿ ಪ್ರಕಟವಾದ ಈ ಒಂದು ಪ್ರಕರಣ ಶುದ್ಧ ಕೋಶಗಳ ಅಗತ್ಯವನ್ನು ನೂರು ವಾದಗಳಿಗಿಂತ ಗಟ್ಟಿಯಾಗಿ ಹೇಳಿತು.

ಅದೇ ವರ್ಷ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಮಾತ್ರ ಇನ್ನೊಂದು ಪ್ರಕರಣ. ಪೋಲೆಂಡಿನ ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಬೆನ್ನುಹುರಿ 2010ರಲ್ಲಿ ಚೂರಿ ಇರಿತದಿಂದ ಬಹುಪಾಲು ತುಂಡಾಗಿತ್ತು. 2012ರಲ್ಲಿ ವ್ರೊತ್ಸ್ವಾಫ್ ನಗರದ ಶಸ್ತ್ರವೈದ್ಯ ಪಾವೆಲ್ ತಬಾಕೋಫ್, ರೈಸ್‌ಮನ್ ಅವರ ಜೊತೆಗೂಡಿ, ಆತನ ಒಂದು ಘ್ರಾಣಗೆಡ್ಡೆಯನ್ನು ತೆಗೆದು ಅದರ ಕೋಶಗಳನ್ನು ಬೆಳೆಸಿ ಗಾಯದ ಮೇಲೂ ಕೆಳಗೂ ಚುಚ್ಚಿದರು. ನಡುವಿದ್ದ 8 ಮಿಲಿಮೀಟರ್ ಕಂದಕಕ್ಕೆ ಕಾಲಿನ ನರದ ನಾಲ್ಕು ಪಟ್ಟಿಗಳನ್ನು ಸೇತುವೆಯಾಗಿ ಇಟ್ಟರು. ಅಗ್ವಾಯೊ ಅವರ ಸೇತುವೆ, ರೈಸ್‌ಮನ್ ಅವರ ಮೆಟ್ಟಿಲು ಎರಡೂ ಇಲ್ಲಿ ಒಂದಾದವು. ಆತ ಊರುಗೋಲಿನ ಚೌಕಟ್ಟು ಹಿಡಿದು ಹೆಜ್ಜೆ ಹಾಕಿದರು. ಇದು ಸಣ್ಣ ಸಂಗತಿಯಲ್ಲ. ಆದರೆ ಇದು ಒಬ್ಬರ ಕಥೆ. ಚೂರಿಯ ನೇರ ಕಡಿತ ಮರದಿಂದ ಬಿದ್ದು ಜಜ್ಜಿಹೋದ ಬೆನ್ನುಹುರಿಗಿಂತ ಬೇರೆ. ಶಸ್ತ್ರಚಿಕಿತ್ಸೆಯ ಹಿಂದೆಯೂ ಮುಂದೆಯೂ ಅವರು ವಾರಕ್ಕೆ ಐದು ದಿನ, ದಿನಕ್ಕೆ ಗಂಟೆಗಟ್ಟಲೆ ಕಠಿಣ ವ್ಯಾಯಾಮ ಮಾಡಿದ್ದರು. ಇದರಲ್ಲಿ ಕೋಶಗಳ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂದು ಒಬ್ಬ ರೋಗಿಯಿಂದ ಬಿಡಿಸಿ ಹೇಳಲಾಗದು. ರೈಸ್‌ಮನ್ 2017ರ ಜನವರಿಯಲ್ಲಿ ತೀರಿಕೊಂಡರು.

ಗ್ರಿಫಿತ್‌ನಲ್ಲಿ ಜೇಮ್ಸ್ ಸೇಂಟ್ ಜಾನ್ ಮುನ್ನಡೆಸುತ್ತಿರುವ ಹೊಸ ಪ್ರಯೋಗ ಹಿಂದಿನ ಈ ತಪ್ಪುಗಳಿಂದ ಕಲಿತಂತೆ ಕಾಣುತ್ತದೆ. ರೋಗಿಯ ಮೂಗಿನಿಂದ ತೆಗೆದ ಕೋಶಗಳನ್ನು ಶುದ್ಧಗೊಳಿಸಿ, ಬಿಡಿಬಿಡಿಯಾಗಿ ಚುಚ್ಚುವ ಬದಲು ಒಂದಕ್ಕೊಂದು ಅಂಟಿದ ಸಣ್ಣ ಸೇತುವೆಯಾಗಿ ಬೆಳೆಸಿ ಇಡುವುದು ಅವರ ದಾರಿ. ಬಿಡಿ ಕೋಶಗಳು ಕಸಿಯಾದ ಕೆಲವೇ ದಿನಗಳಲ್ಲಿ ಬಹುಪಾಲು ಸಾಯುವುದು ಹಿಂದಿನ ಪ್ರಯೋಗಗಳ ದೌರ್ಬಲ್ಯವಾಗಿತ್ತು. ಪೆಟ್ಟಾಗಿ ಬಹಳ ಕಾಲವಾದವರನ್ನೇ ಆಯ್ದು, ದೀರ್ಘ ವ್ಯಾಯಾಮವನ್ನು ಚಿಕಿತ್ಸೆಯ ಭಾಗವಾಗಿಯೇ ಇಟ್ಟಿದ್ದಾರೆ. ಇದು ಮೊದಲ ಹಂತ. ಮೊದಲು ನೋಡುವುದು ಸುರಕ್ಷತೆಯನ್ನು.

ನಮ್ಮಲ್ಲಿ ಇಂಥ ಸುದ್ದಿ ಬಂದ ಮಾರನೆಯ ದಿನವೇ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ಮೊಬೈಲಿನಲ್ಲಿ ತೇಲಿಬರುತ್ತದೆ. ಹೊದಿಕೆ ಕೋಶ ಆಕರಕೋಶವೇ ಅಲ್ಲ. ಅದನ್ನು ಬದಿಗಿಟ್ಟರೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಉಳಿದೆಲ್ಲ ಆಕರಕೋಶ ಚಿಕಿತ್ಸೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಬೆನ್ನುಹುರಿಯ ಪೆಟ್ಟು ಆ ಪಟ್ಟಿಯಲ್ಲಿಲ್ಲ. ಪ್ರಯೋಗ ನಿಜವಾದದ್ದಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಸಿಗುತ್ತದೆ, ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಪ್ರಯೋಗದ ಕೋಶಗಳಿಗೆಂದು ರೋಗಿಯಿಂದಲೇ ಲಕ್ಷಗಟ್ಟಲೆ ಹಣ ಕೇಳಿದರೆ ಅಲ್ಲಿಂದ ಎದ್ದುಬರಬೇಕು. ತೋಟ ಅಡವಿಟ್ಟು ಹೋಗುವ ಮನೆಯವರಿಗೆ ಇದನ್ನು ಹೇಳುವವರು ಯಾರಾದರೂ ಇರಬೇಕಲ್ಲ!

ಮಾಧ್ಯಮ ಪ್ರತಿ ಬಾರಿಯೂ ಕೇಳುವುದು ರೋಗಿ ನಡೆದನೇ ಎಂದು. ಬೆನ್ನುಹುರಿ ಪೆಟ್ಟಾದ 681 ಜನರನ್ನು ಅಮೆರಿಕದ ಸಂಶೋಧಕಿ ಕಿಮ್ ಆಂಡರ್ಸನ್ ಕೇಳಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರ ಬೇರೆಯೇ ಇತ್ತು. ಕೈಗಳ ಸ್ವಾಧೀನವನ್ನೂ ಕಳೆದುಕೊಂಡವರು ಮೊದಲು ಬಯಸಿದ್ದು ಕೈಗಳ ಬಲವನ್ನು. ಕಾಲು ಮಾತ್ರ ಹೋದವರು ಮೊದಲು ಹೇಳಿದ್ದು ದಾಂಪತ್ಯ ಸುಖದ ಮಾತನ್ನು. ಮೂತ್ರ ಮಲಗಳ ಮೇಲಿನ ಹತೋಟಿ ಇಬ್ಬರಿಗೂ ಮುಖ್ಯವಾಗಿತ್ತು. ಮಲೆನಾಡಿನ ಹಳ್ಳಿಯ ಮನೆಯಲ್ಲಿ, ಮೂತ್ರದ ಕೊಳವೆ (ಕ್ಯಾಥೆಟರ್) ಬದಲಿಸಲು ಹೆಂಡತಿಯ ಕೈಯನ್ನೇ ನಂಬಿ ಮಲಗಿರುವವನಿಗೆ ಮೂತ್ರ ಕಟ್ಟಿದ ಅರಿವು ಮರಳುವುದೇ ಅರ್ಧ ಬದುಕು ಮರಳಿದಂತೆ. ಅದಕ್ಕೆ ಬೇಕಾದದ್ದು ಮಿದುಳಿನಿಂದ ಕಾಲ್ಬೆರಳಿನವರೆಗಿನ ಇಡೀ ದಾರಿಯಲ್ಲ, ಗಾಯವನ್ನು ದಾಟುವ ಕೆಲವು ತಂತುಗಳು. ಪೋಲೆಂಡಿನ ಆ ವ್ಯಕ್ತಿಗೆ ಹೆಜ್ಜೆಯ ಜೊತೆಗೆ ಮರಳಿದವುಗಳಲ್ಲಿ ಮೂತ್ರಕೋಶದ ಅರಿವೂ ಒಂದಾಗಿತ್ತು.